ಮಸ್ಟಾಂಗ್ ಜಿಟಿಯನ್ನು ಟ್ರ್ಯಾಕಿಗೆ ಒಗ್ಗಿಸುವಾಗ ಯಾವುದಕ್ಕೆ ಹಣ ಹಾಕಬೇಕು, ಯಾವುದಕ್ಕೆ ಬೇಡ

ಫೋರ್ಡ್ ಮಸ್ಟಾಂಗ್ ಜಿಟಿ ಕೊಂಡವರು ಅದನ್ನು ರೇಸ್ ಟ್ರ್ಯಾಕಿಗೆ ಒಯ್ಯುವ ಮನಸ್ಸು ಮಾಡಿದ ಕೂಡಲೇ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಹೆಚ್ಚಿಸುವ ಸೂಪರ್‌ಚಾರ್ಜರಿನ ಬೆಲೆ ವಿಚಾರಿಸತೊಡಗುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಕಾರಿಗೆ ಕೊರತೆಯಾಗಿರದ ಏಕೈಕ ಸಂಗತಿ ಶಕ್ತಿ. 2018ರ ಮಾದರಿಯ 5 ಲೀಟರ್ ವಿ-8 ಎಂಜಿನ್ನು 460 ಹಾರ್ಸ್‌ಪವರ್ ಕೊಡುತ್ತದೆ, 7,500 ಆರ್‌ಪಿಎಂವರೆಗೆ ಹುಮ್ಮಸ್ಸಿನಿಂದಲೇ ಏರುತ್ತದೆ. ಆದರೆ ಕಾರಿನ ತೂಕ ಸುಮಾರು 1,680 ಕಿಲೊ. ಆ ತೂಕವನ್ನು ನಿಲ್ಲಿಸುವುದು, ತಿರುಗಿಸುವುದು, ಹೀಗೆ ಮಾಡುವಾಗ ಹುಟ್ಟುವ ಬಿಸಿಯನ್ನು ಹೊರಹಾಕುವುದು, ಈ ಮೂರರಲ್ಲೇ ಅದು ಸೋಲುತ್ತದೆ.

ಇದಕ್ಕೆ ಫೋರ್ಡ್ ಕಂಪನಿಯೇ ಸಾಕ್ಷಿ ನುಡಿದಿದೆ. 2021ರಲ್ಲಿ ಇದೇ ಪೀಳಿಗೆಯ ಮಸ್ಟಾಂಗನ್ನು 'ಮ್ಯಾಕ್ 1' ಎಂಬ ಹೆಸರಿನಲ್ಲಿ ಟ್ರ್ಯಾಕಿಗಾಗಿ ಸಜ್ಜುಗೊಳಿಸಿದಾಗ ಅದು ಹೆಚ್ಚಿಸಿದ ಶಕ್ತಿ ಬರೀ 20 ಹಾರ್ಸ್‌ಪವರ್. ಉಳಿದ ಶ್ರಮವೆಲ್ಲ ಬೇರೆ ಕಡೆ ಹೋಯಿತು. ಮಸ್ಟಾಂಗಿನದೇ ದುಬಾರಿ ರೂಪವಾದ ಶೆಲ್ಬಿ ಜಿಟಿ350ಯಿಂದ ಎಂಜಿನ್ ಆಯಿಲ್ ಕೂಲರ್, ಟ್ರೆಮೆಕ್ ಕಂಪನಿಯ ಗೇರ್‌ಬಾಕ್ಸ್ ಮತ್ತು ಸಸ್ಪೆನ್ಷನ್ನನ್ನು ಹೊರುವ ಸಬ್‌ಫ್ರೇಮುಗಳು ಬಂದವು. ಶೆಲ್ಬಿ ಜಿಟಿ500ಯಿಂದ ಹಿಂಬದಿ ಆಕ್ಸಲ್‌ನ ಕೂಲಿಂಗ್ ವ್ಯವಸ್ಥೆ ಮತ್ತು ಹಿಂಚಕ್ರಗಳ ದಿಕ್ಕನ್ನು ಹಿಡಿದಿಡುವ ಟೋ ಲಿಂಕ್ ಬಂದವು. ಸಾಧಾರಣ ಜಿಟಿಯ ಮಾಲೀಕ ಈ ಪಟ್ಟಿಯನ್ನೇ ಖರ್ಚಿನ ಮಾರ್ಗಸೂಚಿಯಾಗಿ ಹಿಡಿದರೆ ಅಂಗಡಿಯವರ ಸಲಹೆ ಬಹುಮಟ್ಟಿಗೆ ಬೇಕಾಗುವುದಿಲ್ಲ. ನಾನು ಹಾಗೆಯೇ ಮಾಡಿದ್ದೇನೆ. ನನ್ನದು ಮ್ಯಾನ್ಯುಯಲ್ ಗೇರಿನ 2018ರ ಜಿಟಿ, ದೊಡ್ಡ ಬ್ರೇಕು ಮುಂತಾದವನ್ನು ಕಾರ್ಖಾನೆಯಲ್ಲೇ ಐಚ್ಛಿಕವಾಗಿ ಜೋಡಿಸಿ ಕೊಡುವ ಪರ್ಫಾರ್ಮೆನ್ಸ್ ಪ್ಯಾಕ್ ಇರುವಂಥದ್ದು. ಅದನ್ನು ಓಡಿಸುವುದು ಹೆಚ್ಚಾಗಿ ಉತ್ತರ ಕ್ಯಾಲಿಫೋರ್ನಿಯಾದ ವಿಲೋಸ್ ಊರಿನ ಬಳಿಯಿರುವ ಥಂಡರ್‌ಹಿಲ್ ಟ್ರ್ಯಾಕಿನಲ್ಲಿ. ಮೂರು ಮೈಲಿ ಉದ್ದದ, 15 ತಿರುವುಗಳ ಈ ಟ್ರ್ಯಾಕಿನಲ್ಲಿ ಬೇಸಿಗೆಯ ಮಧ್ಯಾಹ್ನ ಸೆಖೆ 40 ಡಿಗ್ರಿ ದಾಟುವುದು ಅಪರೂಪವಲ್ಲ. ಆದ್ದರಿಂದ ಕಾರಿನ ಕೊರತೆಗಳು ಇಲ್ಲಿ ಬೇಗ ಹೊರಬೀಳುತ್ತವೆ.

ಮೊದಲ ಖರ್ಚು ಬ್ರೇಕಿನದು. ಹಿಂದಿನ ನೇರ ದಾರಿಯ ತುದಿಯಲ್ಲಿ, 14ನೆಯ ತಿರುವಿಗೆ ಮುನ್ನ, ಕಾರಿನ ವೇಗವನ್ನು ಗಂಟೆಗೆ 190 ಕಿಲೋಮೀಟರಿನಿಂದ 90ಕ್ಕೆ ಇಳಿಸಬೇಕಾಗುತ್ತದೆ ಎಂದುಕೊಳ್ಳಿ. ಚಾಲಕ, ಪೆಟ್ರೋಲ್ ಸೇರಿ 1,800 ಕಿಲೊ ತೂಗುವ ಕಾರಿನಲ್ಲಿ ಆ ಒಂದು ಬ್ರೇಕಿಗೆ ಸುಮಾರು 19 ಲಕ್ಷ ಜೂಲ್ ಶಕ್ತಿ ಬಿಸಿಯಾಗಿ ಬದಲಾಗುತ್ತದೆ; ಐದೂವರೆ ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯ ಮಟ್ಟಕ್ಕೆ ತರಲು ಅಷ್ಟು ಸಾಕು. ಒಂದೇ ಸುತ್ತಿನಲ್ಲಿ ಇಂಥ ಬ್ರೇಕುಗಳು ಹಲವು, ಟ್ರ್ಯಾಕಿಗೆ ಇಳಿಯುವ ಒಂದೊಂದು ಸರದಿ ಇಪ್ಪತ್ತು ನಿಮಿಷಗಳಷ್ಟು. ಪರ್ಫಾರ್ಮೆನ್ಸ್ ಪ್ಯಾಕಿನ ಜೊತೆ ಬರುವ 380 ಮಿಲಿಮೀಟರಿನ ಮುಂದಿನ ಡಿಸ್ಕುಗಳೂ ಪ್ಯಾಡನ್ನು ಡಿಸ್ಕಿಗೆ ಒತ್ತುವ, ಆರು ಪಿಸ್ಟನ್ನಿನ ಬ್ರೆಂಬೊ ಕ್ಯಾಲಿಪರುಗಳೂ ಈ ಕೆಲಸಕ್ಕೆ ತಕ್ಕವೇ. ಅವನ್ನು ಕಿತ್ತು ದುಬಾರಿ 'ಬಿಗ್ ಬ್ರೇಕ್ ಕಿಟ್' ಹಾಕಿಸುವುದು ದುಂದು. ಬದಲಾಯಿಸಬೇಕಾದದ್ದು ಒಳಗಿನ ಪ್ಯಾಡ್ ಮತ್ತು ಬ್ರೇಕ್ ದ್ರವ.

ಈ ಎರಡರ ಸೋಲನ್ನು ಕಾಲಿನಿಂದಲೇ ಬೇರ್ಪಡಿಸಿ ಗುರುತಿಸಬಹುದು. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡಿನ ಘರ್ಷಣೆ ಸತ್ತಿದೆ ಎಂದರ್ಥ. ಪೆಡಲ್ ಮೆತ್ತಗಾಗಿ ತಳದವರೆಗೆ ಇಳಿದರೆ ದ್ರವ ಕುದಿದು ಕೊಳವೆಯಲ್ಲಿ ಆವಿ ಸೇರಿದೆ ಎಂದರ್ಥ. ಇದು ಹೆಚ್ಚು ಅಪಾಯಕಾರಿ. ಡಾಟ್ 4 ದರ್ಜೆಯ ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ತಡೆಯಬೇಕೆಂಬ ನಿಯಮವಿದ್ದರೂ, ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತ ಹೋದ ಹಾಗೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ನಾನು ಬಳಸುವ ಮೊಟುಲ್ ಆರ್‌ಬಿಎಫ್ 600 ಹೊಸತಾಗಿದ್ದಾಗ 312 ಡಿಗ್ರಿಯವರೆಗೆ ಕುದಿಯುವುದಿಲ್ಲ, ಬೆಲೆಯೂ ಕೈಗೆಟುಕುವಂಥದ್ದು. ಋತುವಿನ ಆರಂಭದಲ್ಲಿ ಪೂರ್ತಿ ಬದಲಾಯಿಸಿ, ಪ್ರತಿ ಟ್ರ್ಯಾಕ್ ದಿನಕ್ಕೆ ಮುನ್ನ ನಾಲ್ಕೂ ಕ್ಯಾಲಿಪರುಗಳಿಂದ ಸ್ವಲ್ಪ ಸ್ವಲ್ಪ ಹೊರಬಿಡುವುದು ಸಾಕಾಗುತ್ತದೆ. ಪ್ಯಾಡ್ ವಿಷಯದಲ್ಲಿ ಹಾಕ್ ಕಂಪನಿಯ ಡಿಟಿಸಿ-60 ನನಗೆ ತೃಪ್ತಿ ಕೊಟ್ಟಿದೆ. ಸರದಿಯ ಕೊನೆಯ ಸುತ್ತಿನಲ್ಲೂ ಪೆಡಲಿನ ಎತ್ತರ ಮೊದಲ ಸುತ್ತಿನಲ್ಲಿದ್ದಷ್ಟೇ ಇರುತ್ತದೆ. ಆದರೆ ಇದು ಮನೆಯ ಬೀದಿಗೆ ಸಲ್ಲುವ ಪ್ಯಾಡಲ್ಲ. ತಣ್ಣಗಿದ್ದಾಗ ಹಿಡಿತ ಕಡಿಮೆ, ಸಿಗ್ನಲಿನಲ್ಲಿ ನಿಲ್ಲಿಸುವಾಗ ಕಿರಿಚುವ ಸದ್ದಿಗೆ ಪಕ್ಕದ ಕಾರಿನವರು ತಿರುಗಿ ನೋಡುತ್ತಾರೆ, ಅದರ ಧೂಳಿಗೆ ನೀರು ತಗುಲಿದರೆ ಚಕ್ರದ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಕೂತುಬಿಡುತ್ತವೆ. ಟ್ರ್ಯಾಕಿಗೆ ಹೋಗುವ ಮುನ್ನ ಹಾಕಿ, ಬಂದ ಮೇಲೆ ಬಿಚ್ಚುವುದು ಒಳ್ಳೆಯದು. ಇನ್ನೊಂದು ಮಾತು: ಸರದಿ ಮುಗಿಸಿ ಬಂದು ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ.

ಎರಡನೆಯ ಖರ್ಚು ಮುಂದಿನ ಕ್ಯಾಂಬರ್ ಪ್ಲೇಟ್, ಅಂದರೆ ಮುಂದಿನ ಚಕ್ರಗಳ ವಾಲನ್ನು ಹೊಂದಿಸಲು ಬಿಡುವ ಪ್ಲೇಟ್. ಕೊಟ್ಟ ಹಣಕ್ಕೆ ಇಷ್ಟು ಫಲ ಕೊಡುವ ಬಿಡಿಭಾಗ ಈ ಕಾರಿಗೆ ಬೇರೊಂದಿಲ್ಲ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. ಮಸ್ಟಾಂಗಿನ ಮುಂದಿನ ಸಸ್ಪೆನ್ಷನ್, ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬದಲ್ಲಿರುವ ಮ್ಯಾಕ್‌ಫರ್ಸನ್ ಸ್ಟ್ರಟ್ ಮಾದರಿಯದು. ತಿರುವಿನಲ್ಲಿ ಕಾರಿನ ಮೈ ವಾಲಿದಂತೆ ಹೊರಗಿನ ಚಕ್ರವೂ ಅದರೊಂದಿಗೆ ಹೊರಕ್ಕೆ ವಾಲಿ, ಟೈರ್ ತನ್ನ ಅಗಲದ ಮೇಲೆ ನಿಲ್ಲುವ ಬದಲು ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಇದನ್ನು ಸರಿದೂಗಿಸಲು ಚಕ್ರದ ಮೇಲ್ತುದಿಗೆ ಕೊಡುವ ಒಳವಾಲು ಕಾರ್ಖಾನೆಯ ಜೋಡಣೆಯಲ್ಲಿ ಒಂದು ಡಿಗ್ರಿಯ ಆಸುಪಾಸು. ಅದನ್ನು ಹೆಚ್ಚಿಸಲು ಅವಕಾಶವಿಲ್ಲವೆಂದೇ ಹೇಳಬೇಕು. ಹಾಗೆಯೇ ಓಡಿಸಿದ ಕಾರಿನ ಮುಂದಿನ ಟೈರನ್ನು ಒಮ್ಮೆ ಬಗ್ಗಿ ನೋಡಬೇಕು. ಒಳಗಿನ ಅರ್ಧ ಅಂಗಡಿಯಿಂದ ತಂದಂತೆಯೇ ಇರುತ್ತದೆ. ಹೊರಗಿನ ಭುಜದ ರಬ್ಬರು ಮಾತ್ರ ಸುರುಳಿಯಾಗಿ ಸುಲಿದು, ಪಕ್ಕದ ಗೋಡೆಯ ಮೇಲೆ ಮೂಡಿಸಿರುವ ಚಿಕ್ಕ ತ್ರಿಕೋನದ ಗುರುತನ್ನೂ ದಾಟಿ ಸವೆದಿರುತ್ತದೆ. ಸ್ಟ್ರಟ್‌ನ ತಲೆಯನ್ನು ಎಂಜಿನಿನ ಕಡೆಗೆ ಸರಿಸಲು ಅನುವು ಮಾಡುವ ಪ್ಲೇಟುಗಳನ್ನು ಹಾಕಿ ಒಳವಾಲನ್ನು 2.7 ಡಿಗ್ರಿಗೆ ತಂದ ಮೇಲೆ ನನ್ನ ಕಾರಿನ ಟೈರ್ ಅಗಲದುದ್ದಕ್ಕೂ ಸಮವಾಗಿ ಸವೆಯತೊಡಗಿತು, ತಿರುಗಿಸಿದಷ್ಟು ತಿರುಗದೆ ಮೂತಿ ಹೊರಗೆ ಜಾರುವ ಅಂಡರ್‌ಸ್ಟಿಯರ್ ಅರ್ಧಕ್ಕರ್ಧ ಮಾಯವಾಯಿತು. ಪ್ಲೇಟಿನ ಬೆಲೆ ಒಂದು ಜೊತೆ ಒಳ್ಳೆಯ ಟೈರಿನ ಬೆಲೆಗಿಂತ ಹೆಚ್ಚಿಲ್ಲ. ಉಳಿಸುವ ಟೈರುಗಳ ಲೆಕ್ಕ ಹಾಕಿದರೆ ಅದು ತನ್ನ ಬೆಲೆಯನ್ನು ತಾನೇ ತೀರಿಸುತ್ತದೆ.

ಪ್ಲೇಟಿನ ಲೋಹದ ಬೇರಿಂಗು ರಸ್ತೆಯ ಉಬ್ಬುಗಳಲ್ಲಿ ಸಣ್ಣಗೆ ಟಕಟಕ ಎನ್ನುತ್ತದೆ, ಅದನ್ನು ಸಹಿಸಿಕೊಳ್ಳಬೇಕು. ಅದಕ್ಕಿಂತ ದೊಡ್ಡ ತೊಡಕು ಅಲೈನ್‌ಮೆಂಟ್ ಮಾಡುವವರದು. ಒಂದು ಅಂಗಡಿಯಲ್ಲಿ, ಬೇಕಾದ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದರೂ, ಯಂತ್ರದ ಪರದೆಯ ಕೆಂಪು ಬಣ್ಣ ಹಸಿರಾಗುವವರೆಗೆ ಎಲ್ಲವನ್ನೂ ಹಿಂದಕ್ಕೆ ತಿರುಗಿಸಿ ಕೈಗೆ ರಸೀದಿ ಕೊಟ್ಟರು. ಟ್ರ್ಯಾಕ್ ಕಾರುಗಳ ಪರಿಚಯವಿರುವ ಕೆಲಸಗಾರನನ್ನು ಮೊದಲೇ ಹುಡುಕಿಟ್ಟುಕೊಳ್ಳುವುದು ಕ್ಷೇಮ.

ಟೈರಿನ ಮಾತು ಇದಕ್ಕೆ ಹೊಂದಿಕೊಂಡೇ ಬರುತ್ತದೆ. ಪರ್ಫಾರ್ಮೆನ್ಸ್ ಪ್ಯಾಕಿನಲ್ಲಿ ಮುಂದೆ 255, ಹಿಂದೆ 275 ಮಿಲಿಮೀಟರ್ ಅಗಲದ ಟೈರುಗಳು. ಮುಂಭಾಗವೇ ಭಾರವಾಗಿರುವ ಕಾರಿಗೆ ಮುಂದೆ ಸಣ್ಣ ಟೈರ್ ಕೊಟ್ಟಿರುವುದು ಸಾಮಾನ್ಯ ಚಾಲಕನ ಸುರಕ್ಷತೆಗಾಗಿ. ಕಾರು ಹಿಡಿತ ಕಳೆದುಕೊಂಡರೆ ಹಿಂಭಾಗ ತಿರುಗುವ ಬದಲು ಮೂತಿ ಹೊರಗೆ ಜಾರಲಿ ಎಂಬ ಲೆಕ್ಕ. 2018ರ ಪರ್ಫಾರ್ಮೆನ್ಸ್ ಪ್ಯಾಕ್ ಲೆವೆಲ್ 2ರಲ್ಲಿ ಫೋರ್ಡ್ ನಾಲ್ಕೂ ಕಡೆ 305 ಅಗಲದ ಮಿಶೆಲಿನ್ ಪೈಲಟ್ ಸ್ಪೋರ್ಟ್ ಕಪ್ 2 ಕೊಟ್ಟಿತು. ಅದೇ ಅಳತೆಯನ್ನು ನಾನೂ ಅನುಸರಿಸಿದೆ. ನಾಲ್ಕೂ ಒಂದೇ ಅಳತೆಯಾದರೆ ಮುಂದಿನದನ್ನು ಹಿಂದಕ್ಕೆ ಹಾಕಿ ಸವೆತವನ್ನು ಹಂಚಿಕೊಳ್ಳಬಹುದು ಎಂಬುದು ಜೇಬಿಗೂ ಹಿತ. ಹಗುರ ಕಾರುಗಳ ಒಂದೆರಡು ಸುತ್ತಿನ ಸ್ಪರ್ಧೆಯಲ್ಲಿ ಮಿಂಚುವ ತೀರ ಮೆದು ಟೈರುಗಳನ್ನು ಇಷ್ಟು ಭಾರದ ಕಾರಿಗೆ ಹಾಕಿದರೆ ನಾಲ್ಕನೆಯ ಸುತ್ತಿಗೆಲ್ಲ ಕಾದು ಜಿಡ್ಡಾಗಿಬಿಡುತ್ತವೆ. ಗಾಳಿಯ ಒತ್ತಡವನ್ನು ಬೆಳಿಗ್ಗೆ ತಣ್ಣಗಿದ್ದಾಗ ತುಂಬಿ ಮರೆಯುವುದಲ್ಲ, ಸರದಿಯಿಂದ ಬಂದ ತಕ್ಷಣ ಅಳೆಯಬೇಕು. ಬಿಸಿ ಟೈರಿನಲ್ಲಿ 35 ಪಿಎಸ್‌ಐ ಆಸುಪಾಸು ನನ್ನ ಕಾರಿಗೆ ಒಗ್ಗಿದೆ.

ಹಿಂಭಾಗದ ಸಮಸ್ಯೆ ಬೇರೆಯದೇ ಬಗೆಯದು. ಈ ಪೀಳಿಗೆಯ ಮಸ್ಟಾಂಗಿಗೆ 2015ರಲ್ಲಿ ಬಂದ ಸ್ವತಂತ್ರ ಹಿಂಬದಿ ಸಸ್ಪೆನ್ಷನ್ನಿನ ವಿನ್ಯಾಸ ಒಳ್ಳೆಯದೇ. ಆದರೆ ಅದನ್ನೆಲ್ಲ ಹೊತ್ತ ಸಬ್‌ಫ್ರೇಮನ್ನು ಕಾರಿನ ಮೈಗೆ ಜೋಡಿಸಿರುವ ರಬ್ಬರ್ ಬುಷ್‌ಗಳು ಪ್ರಯಾಣಿಕರ ಸೌಖ್ಯಕ್ಕಾಗಿ ಮೆತ್ತಗಿವೆ. ಸಬ್‌ಫ್ರೇಮಿನ ಅಂಚಿಗೂ ಮೈಗೂ ಅಡ್ಡಲಾಗಿ ಬಣ್ಣದ ಒಂದು ಗೆರೆ ಎಳೆದು ಗಮನಿಸಿದರೆ ಎಷ್ಟು ಅಲುಗಾಟವಿದೆ ಎಂಬುದು ಕಣ್ಣಿಗೇ ಬೀಳುತ್ತದೆ. ಬ್ರೇಕ್ ಬಿಟ್ಟು ಆಕ್ಸಲರೇಟರ್ ಒತ್ತುವ ಕ್ಷಣದಲ್ಲಿ ಸೊಂಟ ಸಡಿಲವಾದ ಎತ್ತು ನೊಗಕ್ಕೆ ಹೆಗಲು ಕೊಟ್ಟಂತೆ ಹಿಂಭಾಗ ಒಮ್ಮೆ ಆಚೀಚೆ ಆಗಿ ಆಮೇಲೆ ನೆಲೆ ಹಿಡಿಯುತ್ತದೆ. ಥಂಡರ್‌ಹಿಲ್ಲಿನ 8ನೆಯ ತಿರುವು ಅತಿ ವೇಗದ ಎಡತಿರುವು. ಅಲ್ಲಿ ಈ ಅರೆಕ್ಷಣದ ಅನುಮಾನವೇ ಚಾಲಕನ ಕಾಲನ್ನು ಹಿಂದಕ್ಕೆಳೆಯುತ್ತದೆ. ಅಲ್ಯೂಮಿನಿಯಮ್ಮಿನ ಗಟ್ಟಿ ಬುಷ್ ಹಾಕಿಸಿದರೆ ಅಲುಗಾಟ ಪೂರ್ತಿ ನಿಲ್ಲುತ್ತದೆ, ಆದರೆ ಹಿಂಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ಗುಂಯ್‌ಗುಟ್ಟುವ ಸದ್ದು ಕಾರಿನೊಳಗೆ ನೇರ ಬರುತ್ತದೆ. ಮನೆಯವರನ್ನು ಕೂರಿಸಿಕೊಂಡು ಓಡಾಡುವ ಕಾರಾದ್ದರಿಂದ ನಾನು ಇರುವ ಬುಷ್‌ಗಳ ಸಂದುಗಳನ್ನು ಬಿಗಿಮಾಡುವ ತುಂಡುಗಳನ್ನು ಮಾತ್ರ ಹಾಕಿಸಿ, ಟೋ ಲಿಂಕಿನ ರಬ್ಬರಿನ ಜಾಗಕ್ಕೆ ಬೇರಿಂಗ್ ಕೂರಿಸಿದೆ. ಸದ್ದು ಹೆಚ್ಚಿದ್ದು ಅಲ್ಪ. ಕಾರಿನ ಮೇಲಿನ ವಿಶ್ವಾಸ ಹೆಚ್ಚಿದ್ದು ಬಹಳ.

ಸ್ಪ್ರಿಂಗಿನ ವಿಷಯದಲ್ಲಿ ಅವಸರ ಬೇಡ. ಕಾರು ನೆಲಕ್ಕೆ ಅಂಟಿದಂತೆ ಕಂಡರೆ ಚೆಂದವೇನೋ ಹೌದು, ಆದರೆ ಸ್ಟ್ರಟ್ ಮಾದರಿಯ ಕಾರನ್ನು ಹೆಚ್ಚು ತಗ್ಗಿಸಿದಷ್ಟೂ ಕೆಳಗಿನ ತೋಳುಗಳು ಮೇಲ್ಮುಖವಾಗಿ ವಾಲಿ, ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್ ಕಾರಿನ ಮೈಗಿಂತ ಹೆಚ್ಚು ಕುಸಿಯುತ್ತದೆ. ಫಲವಾಗಿ ತಗ್ಗಿಸಿದ ಕಾರೇ ಹೆಚ್ಚು ವಾಲುವ ವಿಪರೀತ ಹುಟ್ಟುತ್ತದೆ. ಲೆವೆಲ್ 2 ಪ್ಯಾಕಿನಲ್ಲಿ ಫೋರ್ಡ್ ಇಳಿಸಿದ್ದೂ ಅರ್ಧ ಅಂಗುಲವಷ್ಟೇ.

ಬಿಸಿಯ ಮಾತು ಬಂದಾಗ ಒಂದು ತಮಾಷೆ ಹೇಳಲೇಬೇಕು. ನಿಂತಲ್ಲೇ ಹಿಂದಿನ ಟೈರುಗಳನ್ನು ಸುಟ್ಟು ಹೊಗೆ ಎಬ್ಬಿಸಲೆಂದೇ 'ಲೈನ್ ಲಾಕ್' ಎಂಬ ಸೌಲಭ್ಯವನ್ನು ಕಾರ್ಖಾನೆಯಲ್ಲೇ ಅಳವಡಿಸಿರುವ ಈ ಕಾರಿಗೆ ಡಿಫರೆನ್ಷಿಯಲ್ ಕೂಲರ್ ಕೊಟ್ಟಿಲ್ಲ. ಬೇಸಿಗೆಯಲ್ಲಿ ದಿನವಿಡೀ ಓಡಿಸುವವರಿಗೆ ಅದು ಬೇಕೇ ಬೇಕು. ನಾನು ಸದ್ಯಕ್ಕೆ ಡಿಫರೆನ್ಷಿಯಲ್ ಎಣ್ಣೆಯನ್ನು ಬೇಗ ಬೇಗ ಬದಲಾಯಿಸಿ, ಮಧ್ಯಾಹ್ನದ ಸರದಿಗಳನ್ನು ಮೊಟಕುಗೊಳಿಸಿ ನಿಭಾಯಿಸುತ್ತಿದ್ದೇನೆ. ಮುಂದಿನ ಖರ್ಚು ಅದಕ್ಕೇ ಮೀಸಲು. ಸೈಲೆನ್ಸರ್, ಏರ್ ಫಿಲ್ಟರ್ ಕಿಟ್, ಎಂಜಿನ್ ಮೇಲೆ ಹೊಳೆಯುವ ಅಡ್ಡಪಟ್ಟಿ, ಇವು ಯಾವುವೂ ಸುತ್ತಿನ ಸಮಯವನ್ನು ಹೇಳಿಕೊಳ್ಳುವಷ್ಟು ಇಳಿಸುವುದಿಲ್ಲ. ಸೈಲೆನ್ಸರ್ ಅಂತೂ ತೊಂದರೆಯನ್ನೇ ತಂದೀತು, ಏಕೆಂದರೆ ಮಾಂಟೆರೆ ಬಳಿಯ ಲಗೂನಾ ಸೆಕಾ ಟ್ರ್ಯಾಕಿನಲ್ಲಿ ಬಹುಪಾಲು ದಿನಗಳಲ್ಲಿ 90 ಡೆಸಿಬಲ್ ಆಸುಪಾಸಿನ ಮಿತಿಯಿದ್ದು, ಅದನ್ನು ಮೀರಿದ ಕಾರನ್ನು ಹೊರಗೆ ಕರೆಯುತ್ತಾರೆ.

ಭಾರತದಲ್ಲಿ 2016ರಿಂದ ಮಾರಾಟವಾದ ಜಿಟಿ ಆಟೊಮ್ಯಾಟಿಕ್ ಗೇರಿನದು, ಶಕ್ತಿಯೂ ಅಮೆರಿಕದಲ್ಲಿನದಕ್ಕಿಂತ ಕಡಿಮೆ. ಬೆಂಗಳೂರಿನಲ್ಲಿ ಅದನ್ನು ಇಟ್ಟುಕೊಂಡು ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಗೋ ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಒಯ್ಯುವ ಮಾಲೀಕರು ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ ಮತ್ತು ಅದರ ಬಗ್ಗೆ ಸುಪ್ರೀಂ ಕೋರ್ಟು 2019ರಲ್ಲಿ ಕೊಟ್ಟ ತೀರ್ಪನ್ನು ಓದಿಕೊಂಡೇ ಸ್ಪ್ಯಾನರ್ ಎತ್ತಬೇಕು. ತಯಾರಕರು ನಮೂದಿಸಿದ ವಿವರಗಳನ್ನು ಬದಲಿಸುವಂತಿಲ್ಲ ಎಂಬುದು ಅದರ ಸಾರ. ಆದ್ದರಿಂದ ಅಲ್ಲಿ ಬ್ರೇಕ್ ದ್ರವ ಮತ್ತು ಪ್ಯಾಡುಗಳಿಂದಾಚೆಗೆ ನಾನು ಏನನ್ನೂ ಶಿಫಾರಸು ಮಾಡಲಾರೆ.

ಅಮೆರಿಕದಲ್ಲಿರುವವರ ಲೆಕ್ಕ ಸರಳ. ಈಗಾಗಲೇ ಪರ್ಫಾರ್ಮೆನ್ಸ್ ಪ್ಯಾಕಿನ ಜಿಟಿ ಇದ್ದರೆ ದ್ರವ, ಪ್ಯಾಡ್, ಕ್ಯಾಂಬರ್ ಪ್ಲೇಟ್, ಚಕ್ರ ಮತ್ತು ಟೈರ್, ಹಿಂಬದಿ ಬುಷ್, ಇದೇ ಕ್ರಮದಲ್ಲಿ ಮುಂದುವರಿಯಿರಿ. ಎಲ್ಲ ಸೇರಿದರೂ ಸೂಪರ್‌ಚಾರ್ಜರಿನ ಖರ್ಚಿಗಿಂತ ಸಾಕಷ್ಟು ಕೆಳಗೇ ನಿಲ್ಲುತ್ತದೆ. ಪರ್ಫಾರ್ಮೆನ್ಸ್ ಪ್ಯಾಕ್ ಇಲ್ಲದ ಜಿಟಿಯನ್ನು ಟ್ರ್ಯಾಕಿಗೆಂದೇ ಕೊಳ್ಳುವುದು ಬೇಡ. ಬ್ರೇಕು, ರೇಡಿಯೇಟರ್, ಟಾರ್ಸನ್ ಡಿಫರೆನ್ಷಿಯಲ್ ಇವನ್ನೆಲ್ಲ ಆಮೇಲೆ ಬಿಡಿಬಿಡಿಯಾಗಿ ತರಿಸಿ ಜೋಡಿಸುವುದರಲ್ಲಿ ಉಳಿತಾಯವಿಲ್ಲ. ಇನ್ನೂ ಯಾವ ಕಾರನ್ನೂ ಕೊಂಡಿಲ್ಲದವರು 2021ರಿಂದ 2023ರೊಳಗಿನ, ಮ್ಯಾನ್ಯುಯಲ್ ಗೇರಿನ, ಹ್ಯಾಂಡ್ಲಿಂಗ್ ಪ್ಯಾಕೇಜ್ ಇರುವ ಬಳಸಿದ ಮ್ಯಾಕ್ 1 ಹುಡುಕಲಿ. ಅದಕ್ಕೂ ಪ್ಯಾಡ್ ಮತ್ತು ದ್ರವ ಬದಲಾಯಿಸಬೇಕು. ಉಳಿದ ಕೆಲಸದ ಬಹುಭಾಗ ಕಾರ್ಖಾನೆಯಲ್ಲೇ ಮುಗಿದಿರುತ್ತದೆ.