14 ತಿಂಗಳು ಶತಾವರಿ, ಫಲಘೃತ ತೆಗೆದುಕೊಂಡ ಮೇಲೆ

ಶಿರಸಿ ಪೇಟೆಯ ಒಂದು ಆಯುರ್ವೇದ ಅಂಗಡಿಯಲ್ಲಿ ಕೊಂಡ ಶತಾವರಿ ಪುಡಿ ಮತ್ತು ಫಲಘೃತ ಅನ್ನುವ ಮೂಲಿಕೆ ತುಪ್ಪವನ್ನು 14 ತಿಂಗಳು ತೆಗೆದುಕೊಂಡಿದ್ದೇನೆ. ಮಗುವಿಗಾಗಿ ಕಾಯುತ್ತಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಐದಕ್ಕೆ ಮೂರು ಅಂಕ.

ಶತಾವರಿಗೆ ಕನ್ನಡದಲ್ಲಿ ‘ಹಲವು ಮಕ್ಕಳ ತಾಯಿ ಬೇರು’ ಅಂತಲೂ ಹೆಸರಿದೆ. ಬುಡ ಅಗೆದರೆ ಬೆರಳಿನಂಥ ಗೆಡ್ಡೆಗಳು ಗೊಂಚಲು ಗೊಂಚಲಾಗಿ ಬರುತ್ತವೆ. ತೋಟಕ್ಕೆ ಸೊಪ್ಪು ತರುವ ನಮ್ಮ ಬೆಟ್ಟದ ಅಂಚಿನಲ್ಲೂ ಇದರ ಮುಳ್ಳು ಬಳ್ಳಿ ಇದೆ. ಆಗ ಮದುವೆಯಾಗಿ ಮೂರು ವರ್ಷ, ನನಗೆ 31. ಅತ್ತೆ ದಿನಾ ರಾತ್ರಿ ಹಾಲು ಕಾಯಿಸಿ ಕೊಟ್ಟು, ‘ಹಲವು ಮಕ್ಕಳ ತಾಯಿ ಕುಡಿದ್ಯಾ?’ ಅಂತ ಕೇಳುತ್ತಿದ್ದರು. ಪ್ರೀತಿಯಿಂದಲೇ ಕೇಳುತ್ತಿದ್ದರು. ಆದರೆ ಮುಟ್ಟಾದ ದಿನ ಆ ಹೆಸರು ಕಿವಿಗೆ ಬಿದ್ದರೆ ಗಂಟಲು ಕಟ್ಟುತ್ತಿತ್ತು.

ಪುಡಿಯ ರುಚಿ ಸಪ್ಪೆ, ಕೊನೆಯಲ್ಲಿ ಸ್ವಲ್ಪ ಕಹಿ. ಒಂದು ಚಮಚ ಬಿಸಿ ಹಾಲಿಗೆ ಹಾಕಿ ಕುಡಿಯುತ್ತಿದ್ದೆ. ಎರಡು ತಿಂಗಳಲ್ಲಿ ನಿದ್ದೆ ಚೆನ್ನಾಯಿತು, ಮುಟ್ಟಿನ ಮುಂಚಿನ ಕಿರಿಕಿರಿಯೂ ತಗ್ಗಿತು. ಫಲಘೃತ ಅಂದರೆ ಮಂಜಿಷ್ಠ, ತ್ರಿಫಲ ಇತ್ಯಾದಿ ಹಾಕಿ ಹಾಲಿನೊಂದಿಗೆ ಕಾಯಿಸಿದ ತುಪ್ಪ. ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ, ಬಾಟಲಿಯನ್ನು ಬಿಸಿನೀರಲ್ಲಿ ಇಟ್ಟು ಕರಗಿಸಬೇಕು. ನಮ್ಮ ಮಳೆಗಾಲದಲ್ಲಿ ಪುಡಿ ಉಳಿಯುವುದು ಕಷ್ಟ. ಅರ್ಧ ಕೇಜಿ ಒಟ್ಟಿಗೆ ತಂದಿದ್ದೆ, ಆಷಾಢದಲ್ಲಿ ಡಬ್ಬಿ ತೆರೆದರೆ ಬೂಷ್ಟು. ಅಷ್ಟನ್ನೂ ಗೊಬ್ಬರದ ಗುಂಡಿಗೆ ಹಾಕಿದೆ. 100 ಗ್ರಾಂ ಮಾತ್ರ ತನ್ನಿ. ಬ್ಯಾಚ್ ನಂಬರು, ಲೈಸೆನ್ಸ್ ನಂಬರು ಇಲ್ಲದ ಪೊಟ್ಟಣ ಬೇಡವೇ ಬೇಡ.

ಎರಡು ಅಂಕ ಕಳೆದದ್ದು ಬೂಷ್ಟಿಗಲ್ಲ. ‘ಆರು ತಿಂಗಳು ತಗೊಳ್ಳಿ, ಆಗೇ ಆಗುತ್ತೆ’ ಅಂದರು ಅಂಗಡಿಯವರು. ಏನಾದರೂ ಪರೀಕ್ಷೆ ಮಾಡಿಸಿದ್ದೀರಾ ಅಂತ ಒಂದು ಮಾತು ಕೇಳಲಿಲ್ಲ. ನಾನೂ ಅವರ ಮಾತು ನಂಬಿ ಕೂತೆ. ಹತ್ತು ತಿಂಗಳು ಹೋದ ಮೇಲೆ ಹುಬ್ಬಳ್ಳಿಗೆ ಹೋಗಿ ವೈದ್ಯರಿಗೆ ತೋರಿಸಿದೆವು. ರಕ್ತ ಪರೀಕ್ಷೆಯಲ್ಲಿ ನನ್ನ ಟಿಎಸ್‌ಎಚ್ 7.8, ಇರಬೇಕಾದ್ದಕ್ಕಿಂತ ಹೆಚ್ಚು. ಅಂದರೆ ಥೈರಾಯ್ಡ್ ಕೆಲಸ ಮಂದ. ಥೈರಾಯ್ಡ್ ಸರಿಯಿಲ್ಲದಿದ್ದರೆ ಅಂಡ ಬಿಡುಗಡೆಯೇ ಏರುಪೇರಾಗುತ್ತದೆ, ಯಾವ ಬೇರು ಕುಡಿದು ಏನು? ಅಂಗಡಿಯವರು ನಡುವೆ ಕೊಟ್ಟ ಅಶ್ವಗಂಧವನ್ನು ವೈದ್ಯರು ಅವತ್ತೇ ನಿಲ್ಲಿಸಿದರು. ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಿ ಥೈರಾಯ್ಡ್ ಮಾತ್ರೆಯ ಲೆಕ್ಕ ತಪ್ಪಿಸಬಹುದು, ಗರ್ಭ ನಿಂತ ಮೇಲಂತೂ ಕೂಡದು. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಶತಾವರಿ ಹಾಲು ರಾತ್ರಿಗೇ ಇರಲಿ ಅಂದರು. ಹಾಲು ಹತ್ತಿರ ಬಂದರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ.

ಆಮೇಲೆ ನನ್ನ ಗಂಡನ ಪರೀಕ್ಷೆ. ಅಲ್ಲಿಯವರೆಗೆ ಮದ್ದೆಲ್ಲ ನನಗೊಬ್ಬಳಿಗೇ, ಅವರ ಕಡೆ ಯಾರೂ ತಿರುಗಿಯೂ ನೋಡಿರಲಿಲ್ಲ. ವೀರ್ಯಾಣು ಸಂಖ್ಯೆ ಕಡಿಮೆ ಇತ್ತು. ಕವಳದ (ಎಲೆ ಅಡಿಕೆಯ) ಜೊತೆ ಹಾಕುವ ತಂಬಾಕು ಬಿಡಿ, ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು, ಮೂರು ತಿಂಗಳು ಬಿಟ್ಟು ಬನ್ನಿ ಅಂದರು ವೈದ್ಯರು. ಆಗ ಅಡಿಕೆ ಸುಲಿಯುವ ಕಾಲ. ರಾತ್ರಿ ಅಂಗಳದಲ್ಲಿ ಕವಳದ ಬಟ್ಟಲು ಕೈಯಿಂದ ಕೈಗೆ ಹೋಗುತ್ತಿತ್ತು. ನನ್ನ ಗಂಡ ಒಂದು ಏಲಕ್ಕಿ ಬಾಯಿಗೆ ಹಾಕಿಕೊಂಡು ಬಟ್ಟಲನ್ನು ಪಕ್ಕದವರಿಗೆ ದಾಟಿಸುತ್ತಿದ್ದರು. ಒಳಗಿನಿಂದ ನೋಡುತ್ತಿದ್ದ ನನಗೆ ಕಣ್ಣು ತುಂಬುತ್ತಿತ್ತು.

ಈಗ ನನಗೆ ಐದು ತಿಂಗಳು. ಗರ್ಭ ನಿಂತದ್ದು ಗೊತ್ತಾದ ದಿನವೇ ವೈದ್ಯರನ್ನು ಕೇಳಿ ಪುಡಿ, ತುಪ್ಪ ಎರಡನ್ನೂ ನಿಲ್ಲಿಸಿದೆ. ಅತ್ತೆ ಇದು ಬೇರಿನ ಗುಣ ಅನ್ನುತ್ತಾರೆ, ಅವರ ಸಂತೋಷಕ್ಕೆ ನಾನು ಅಡ್ಡ ಮಾತಾಡುವುದಿಲ್ಲ. ಫಲಘೃತ ಅರ್ಧ ಬಾಟಲಿ ಉಳಿದಿದೆ. ಹೋದ ವಾರ ಸಿದ್ದಾಪುರದಿಂದ ಚಿಕ್ಕಮ್ಮನ ಮಗಳು ಬಂದು ಅದನ್ನು ಕೇಳಿದಳು. ಕೊಡಲಿಲ್ಲ. ಮೊದಲು ಇಬ್ಬರೂ ಪರೀಕ್ಷೆ ಮಾಡಿಸಿ ಬನ್ನಿ, ಗಂಡನನ್ನೂ ಕರೆದುಕೊಂಡು ಹೋಗು ಅಂತ ಹೇಳಿ ಹುಬ್ಬಳ್ಳಿಯ ಆ ವೈದ್ಯರ ವಿಳಾಸದ ಚೀಟಿ ಕೊಟ್ಟು ಕಳಿಸಿದೆ.