ಬಟ್ಟೆ, ಫೈಬರ್, ತಗಡು: ಒಂದೇ ರೆಕ್ಕೆ, ಮೂರು ಥರ ಮಾಡಿ ನೋಡಿದೆವು

ಎರಡು ಸೀಟಿನ ಪುಟ್ಟ ವಿಮಾನವೊಂದನ್ನು ನಾವೇ ಡಿಸೈನ್ ಮಾಡೋಣ ಅಂತ ಮೂವರು ಸ್ನೇಹಿತರು ಹೊರಟು ಒಂದೂವರೆ ವರ್ಷ ಆಯಿತು. ಲೈಟ್ ಸ್ಪೋರ್ಟ್ ಅನ್ನೋ ಪುಟ್ಟ ವಿಮಾನಗಳ ವರ್ಗಕ್ಕೆ ಅಮೆರಿಕದವರು 2004ರಲ್ಲಿ ಎಳೆದ ಗೆರೆಯನ್ನೇ ಹಿಡಿದುಕೊಂಡೆವು. ಇಬ್ಬರು ಜನ, ಪೆಟ್ರೋಲು, ಬ್ಯಾಗು ಎಲ್ಲ ಸೇರಿ 600 ಕೆಜಿ ದಾಟಬಾರದು. ಇಂಜಿನ್ ವಿಷಯಕ್ಕೆ ಜಗಳವೇ ಆಗಲಿಲ್ಲ, 100 ಎಚ್‌ಪಿಯ ರೋಟ್ಯಾಕ್ಸ್ 912. ಜಗಳ ಹತ್ತಿದ್ದು ರೆಕ್ಕೆ ಯಾವುದರಲ್ಲಿ ಮಾಡೋದು ಅನ್ನೋದಕ್ಕೆ: ಬಟ್ಟೆ, ಫೈಬರ್ (ಗಾಜಿನ ನೂಲಿನ ಬಟ್ಟೆಗೆ ಅಂಟು ಕುಡಿಸಿ ಗಟ್ಟಿ ಮಾಡಿದ್ದು), ಇಲ್ಲ ತಗಡು.

ತಮಾಷೆ ಏನಂದರೆ ಮೂರಕ್ಕೂ ಬೆಂಗಳೂರಿನಲ್ಲೇ ಸಾಕ್ಷಿ ಇದೆ. 1951ರಲ್ಲಿ ಹಾರಿದ ಎಚ್‌ಎಎಲ್‌ನ ಎಚ್‌ಟಿ-2 ಲೋಹದ್ದು. 1958ರ ಪುಷ್ಪಕ್ ಬಟ್ಟೆ ಹೊದ್ದುಕೊಂಡದ್ದು. 1993ರಲ್ಲಿ ಮೇಲೇರಿದ, ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಹಂಸ ಫೈಬರ್‌ನದ್ದು. ಮೂರೂ ಎರಡೇ ಸೀಟಿನವು. ಹಾಗಾಗಿ ಮೂವರಿಗೂ ವಾದ ಮಾಡೋಕೆ ಒಂದೊಂದು ಸಿಕ್ಕಿತು. ಬಾಯಿ ಮಾತು ಸಾಕು, ಒಂದೊಂದು ಮೀಟರ್ ರೆಕ್ಕೆ ಮಾಡಿ ನೋಡೇ ಬಿಡೋಣ ಅಂತ ಪೀಣ್ಯದ ಒಂದು ಶೆಡ್ಡಿನಲ್ಲಿ ಕೂತೆವು.

ಮೊದಲು ಬಟ್ಟೆ. ಪೈಪು ಮತ್ತು ಪಕ್ಕೆಗಳ (ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳ) ಚೌಕಟ್ಟಿನ ಮೇಲೆ ಪಾಲಿಯೆಸ್ಟರ್ ಬಟ್ಟೆ ಅಂಟಿಸಿ, ಮನೆಯ ಇಸ್ತ್ರಿ ಪೆಟ್ಟಿಗೆಯನ್ನೇ ಆಡಿಸಿದರೆ ಸಾಕು, ಬಟ್ಟೆ ಕುಗ್ಗಿ ಬಿಗಿಯಾಗುತ್ತದೆ. ಆದರೆ ಪೆಟ್ಟಿಗೆಯ ತಿರುಪಿನ ಮೇಲಿರುವ ಗುರುತನ್ನು ನಂಬಬೇಡಿ. ಥರ್ಮಾಮೀಟರ್ ಇಟ್ಟು ನೋಡಿ, ಸುಮಾರು 175 ಡಿಗ್ರಿ ಮೀರದ ಹಾಗೆ ಗುರುತು ಮಾಡಿಕೊಂಡೇ ಶುರು ಮಾಡಬೇಕು. ಬೆರಳಲ್ಲಿ ತಟ್ಟಿದರೆ ತಮಟೆ ಥರ ಸದ್ದು ಬಂತು, ನಮಗೆಲ್ಲ ಖುಷಿಯೋ ಖುಷಿ. ಮರುದಿನ ನೋಡಿದರೆ ರೆಕ್ಕೆಯ ಹಿಂದಿನ ತೆಳು ಅಂಚು ಪಕ್ಕೆ ಪಕ್ಕೆಗಳ ನಡುವೆ ಒಳಕ್ಕೆ ಬಾಗಿಬಿಟ್ಟಿತ್ತು, ಬಟ್ಟೆ ಅಷ್ಟು ಜೋರಾಗಿ ಎಳೆದಿತ್ತು. ತೂಕ ಮಾತ್ರ ಸೂಪರ್, 5.3 ಕೆಜಿ. ತೊಂದರೆ ಬಿಸಿಲಿನದು. ಬಣ್ಣದ ರಕ್ಷಣೆ ಇಲ್ಲದಿದ್ದರೆ ಈ ಬಟ್ಟೆ ಬಿಸಿಲಿಗೇ ಸತ್ವ ಕಳೆದುಕೊಳ್ಳುತ್ತದೆ, ನಮ್ಮ ಹತ್ತಿರ ಒಳ್ಳೆ ಹ್ಯಾಂಗರ್ ಬಾಡಿಗೆಗೆ ದುಡ್ಡಿಲ್ಲ.

ಫೈಬರ್ ನನ್ನ ಪಕ್ಷ. ನೋಡೋಕೆ ಎಷ್ಟು ಚೆಂದ ಗೊತ್ತಾ, ಒಂದು ರಿವೆಟ್ ಕಾಣಲ್ಲ, ಹಂಸ ನೋಡಿದಾಗಿನಿಂದ ನನಗೆ ಅದೇ ಹುಚ್ಚು. ಶುರುವಿನಲ್ಲೇ ಎಡವಟ್ಟು: ಶೆಡ್ಡಿನಲ್ಲಿ ಉಳಿದಿದ್ದ ಪಾಲಿಯೆಸ್ಟರ್ ರೆಸಿನ್ (ಗಟ್ಟಿಯಾಗುವ ಅಂಟು) ಅನ್ನು ರೆಕ್ಕೆಯ ಆಕಾರದ ಥರ್ಮೋಕೋಲ್ ಮೇಲೆ ಸುರಿದೆ, ಅದು ಬಿಸಿ ದೋಸೆ ಮೇಲಿನ ಬೆಣ್ಣೆ ಹಾಗೆ ಕರಗಿಹೋಯಿತು. ಥರ್ಮೋಕೋಲ್‌ಗೆ ಎಪಾಕ್ಸಿ ಅನ್ನೋ ಬೇರೆ ರೆಸಿನ್ನೇ ಆಗಬೇಕು. ಸರಿ, ಎಪಾಕ್ಸಿ ತಂದು ಜುಲೈ ತಿಂಗಳ ಜಡಿಮಳೆಯಲ್ಲಿ ಫೈಬರ್ ಬಟ್ಟೆಯನ್ನು ಪದರದ ಮೇಲೆ ಪದರ ಹಾಕಿದೆವು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಕೆಲವು ಎಪಾಕ್ಸಿ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ, ಅದನ್ನು ತೊಳೆದು ಉಜ್ಜದೆ ಮುಂದಿನ ಪದರ ಹಾಕಿದರೆ ಅದು ಹಿಡಿಯಲ್ಲ. ಇದು ನಮಗೆ ಆಮೇಲೆ ಗೊತ್ತಾಗಿದ್ದು. ಒಣಗಿದ ಮೇಲೆ ಕನ್ನಡಿ ಥರ ಹೊಳೆಯುತ್ತಿತ್ತು. ಶೆಡ್ಡಿನ ಫಿಟ್ಟರ್ ಜೇಬಿನಿಂದ ಎರಡು ರೂಪಾಯಿ ನಾಣ್ಯ ತೆಗೆದು ಉದ್ದಕ್ಕೂ ತಟ್ಟುತ್ತಾ ಹೋದರು. ಟಣ್, ಟಣ್, ಟಣ್, ಡಬ್. "ಇಲ್ಲಿ ಒಳಗೆ ಬಿಟ್ಕೊಂಡಿದೆ ಸಾರ್." ಕೊಯ್ದು ನೋಡಿದರೆ ಅಂಗೈ ಅಗಲದ ಜಾಗದಲ್ಲಿ ಪದರಗಳು ಅಂಟೇ ಇರಲಿಲ್ಲ. ಕಣ್ಣಿಗೆ ಏನೇನೂ ಕಂಡಿರಲಿಲ್ಲ. ತೂಕ 7.4 ಕೆಜಿ ಬಂತು, ನಾನು ರೆಸಿನ್ ಧಾರಾಳವಾಗಿ ಕುಡಿಸಿದ್ದೆ.

ತಗಡಿನದು ಬೇಗ ಮುಗಿಯಿತು. 6061-ಟಿ6 ಅಲ್ಯೂಮಿನಿಯಂ, ಅರ್ಧ ಮಿಲಿಮೀಟರಿಗೂ ತೆಳು. ಮರದ ಅಚ್ಚಿನ ಮೇಲಿಟ್ಟು ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಬಡಿದು ಪಕ್ಕೆ ಮಾಡಿದೆವು, ಪಾಪ್ ರಿವೆಟ್ ಹೊಡೆದೆವು. ವಿಮಾನ ವಿನ್ಯಾಸಕ ಕ್ರಿಸ್ ಹೈಂಟ್ಸ್ ಅವರ ಸಿಎಚ್ 701 ವಿಮಾನವನ್ನು ಜನ ಮನೆಯ ಗ್ಯಾರೇಜಿನಲ್ಲಿ ಕಟ್ಟಿಕೊಳ್ಳುವುದೂ ಹೀಗೇ. ಒತ್ತಿದರೆ ಎಣ್ಣೆ ಡಬ್ಬದ ಹಾಗೆ ಡಬಕ್ ಅನ್ನುತ್ತದೆ, ಅಂದವೇನಿಲ್ಲ. 6.1 ಕೆಜಿ. ನಾಲ್ಕು ರಿವೆಟ್ ಓರೆಯಾಗಿ ಕೂತಿದ್ದವು. ದೂರದಿಂದಲೇ ಕಂಡವು, ಡ್ರಿಲ್ ಮಾಡಿ ತೆಗೆದು ಹೊಸದು ಹಾಕಿದೆವು. ಹತ್ತು ನಿಮಿಷದ ಕೆಲಸ.

ಆಮೇಲೆ ಭಾರ ತಡೆಯುತ್ತಾ ಅಂತ ನೋಡೋಕೆ ಮರಳು ಮೂಟೆ. 600 ಕೆಜಿಗೆ 4 ಜಿ (ಜೋರಾಗಿ ತಿರುಗುವಾಗ ರೆಕ್ಕೆ ಹೊರಬೇಕಾದ ನಾಲ್ಕು ಪಟ್ಟು ಭಾರ), ಅದಕ್ಕೆ ಸುರಕ್ಷತೆಗೆ ಅಂತ ಒಂದೂವರೆ ಪಟ್ಟು, ಅಂದರೆ 3600 ಕೆಜಿ. ನಮ್ಮ ರೆಕ್ಕೆ ಒಟ್ಟು 9 ಮೀಟರ್, ಮೀಟರಿಗೆ 400. ರೆಕ್ಕೆ ತುಂಡನ್ನು ಮಗುಚಿ ಹಾಕಿ 50 ಕೆಜಿಯ ಎಂಟು ಮೂಟೆ ಹೇರಿದೆವು. ಮಗುಚೋದು ಯಾಕೆ ಅಂದರೆ ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ಎತ್ತುತ್ತದಲ್ವಾ. ಬುಡದಲ್ಲಿ ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆ) ತಡೆಯುತ್ತಾ ಅಂತ ಇದು ಹೇಳಲ್ಲ, ಅದಕ್ಕೆ ಪೂರ್ತಿ ರೆಕ್ಕೆಯೇ ಬೇಕು. ಬಟ್ಟೆಯದೂ ತಗಡಿನದೂ ತಡೆದವು. ಫೈಬರ್ ತುಂಡನ್ನು ನಾವೇ ಕೊಯ್ದಿದ್ದರಿಂದ ಹೇರಲೇ ಇಲ್ಲ.

ಒಂದೆರಡು ಕೆಜಿಗೆ ಇಷ್ಟು ರಂಪ ಯಾಕೆ ಅಂತ ನನ್ನ ಭಾವ ಕೇಳಿದರು. ಬೆಂಗಳೂರಿನ ಪುಟ್ಟ ವಿಮಾನಗಳ ನಿಲ್ದಾಣ ಜಕ್ಕೂರಿನ ರನ್‌ವೇ ಇರುವುದೇ ಸುಮಾರು 3000 ಅಡಿ ಎತ್ತರದಲ್ಲಿ. ಏಪ್ರಿಲ್‌ನಲ್ಲಿ 33 ಡಿಗ್ರಿ ಬಿಸಿಲು ಬಿದ್ದರೆ ಅಲ್ಲಿನ ಗಾಳಿ ಹೆಚ್ಚುಕಡಿಮೆ 5900 ಅಡಿ ಮೇಲಿನಷ್ಟು ತೆಳುವಾಗುತ್ತದೆ. ಇಂಜಿನ್ನಿಗೂ ಉಸಿರು ಕಮ್ಮಿ, ರೆಕ್ಕೆಗೂ ಹಿಡಿತ ಕಮ್ಮಿ. ಮೀಟರಿಗೆ ಎರಡು ಕೆಜಿ ಜಾಸ್ತಿ ಅಂದರೆ ಒಟ್ಟು 18 ಕೆಜಿ, ಅದು ಸುಮಾರು 25 ಲೀಟರ್ ಪೆಟ್ರೋಲಿನ ತೂಕ.

ಲೆಕ್ಕ ನೋಡಿದರೆ ಬಟ್ಟೆಗೇ ವೋಟು ಬೀಳಬೇಕಿತ್ತು. ಆದರೂ ನಾನು ಪಕ್ಷ ಬದಲಿಸಿ ತಗಡಿಗೆ ಹಾಕಿದೆ. ಆ "ಡಬ್" ಸದ್ದು ಕೇಳಿದ ಮೇಲೆ, ನನ್ನ ಕೈ ತಪ್ಪಿದ್ದು ನನಗೇ ಕಾಣದ ರೆಕ್ಕೆಯ ಕೆಳಗೆ ಕೂರೋಕೆ ಮನಸ್ಸು ಬರಲಿಲ್ಲ. ಪಳಗಿದ ಕೈ, ತೇವ ಹಿಡಿತದಲ್ಲಿಟ್ಟ ರೂಮು, ರೆಸಿನ್ ಗಟ್ಟಿ ಮಾಡೋ ಒಲೆ ಎಲ್ಲ ಇರುವವರು ಫೈಬರ್ ಮಾಡಲಿ. ಬಟ್ಟೆ ಪಕ್ಷದವನು ಇನ್ನೂ ಮುನಿಸಿಕೊಂಡಿದ್ದಾನೆ, ಅವನಿಗೆ ಬಾಲದ ಚುಕ್ಕಾಣಿಯನ್ನು ಬಟ್ಟೆಯಲ್ಲೇ ಮಾಡಲು ಬಿಟ್ಟಿದ್ದೇವೆ. ರೆಕ್ಕೆಯ ತುದಿ ಮತ್ತು ಇಂಜಿನ್ ಮುಚ್ಚಳ ಫೈಬರ್‌ನಲ್ಲೇ, ಆ ಡೊಂಕು ತಗಡಿಗೆ ಬಗ್ಗಲ್ಲ. ಅದು ನನ್ನ ಪಾಲು, ಆದರೆ ರೆಸಿನ್ ಅಳೆಯೋ ತಕ್ಕಡಿ ಮಾತ್ರ ಇನ್ನು ಮೇಲೆ ಫಿಟ್ಟರ್ ಕೈಯಲ್ಲಿ.