ಕೊಡಚಾದ್ರಿಗೆ ಹೋಗುವವರ ಗಮನಕ್ಕೆ: ಐತಿಹ್ಯವನ್ನು ತಿರುಚಿ ಹೆದರಿಸುವವರಿದ್ದಾರೆ

ಹೊಸನಗರ ತಾಲ್ಲೂಕಿನ ಕೊಡಚಾದ್ರಿಗೆ ಮಳೆಗಾಲದಲ್ಲಿ ಹೋಗುವ ಯೋಚನೆಯಿರುವವರು, ಜೀಪು ನಿಲ್ಲುವಲ್ಲಿ ತಾವಾಗಿಯೇ ಬಂದು ಮಾತಿಗಿಳಿಯುವ 'ಮಾರ್ಗದರ್ಶಕ'ರನ್ನು ಕೂಡಲೇ ನಂಬಬೇಡಿ. ನಮ್ಮ ತಂಡಕ್ಕೆ ಅಂಥವರೊಬ್ಬರಿಂದ ಆದ ತೊಂದರೆಯನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಆತನ ಮಾತು ಆಕರ್ಷಕವಾಗಿತ್ತು ಎನ್ನುವುದನ್ನು ಒಪ್ಪಲೇಬೇಕು. ಮೂಲ ಮೂಕಾಂಬಿಕೆಯ ಗುಡಿಯ ಬಳಿಯ ಎತ್ತರದ ಕಬ್ಬಿಣದ ಕಂಬವನ್ನು ತೋರಿಸಿ, ದೇವಿಯು ಮೂಕಾಸುರನನ್ನು ಕೊಂದ ತ್ರಿಶೂಲವೇ ಇದೆಂದು ಜನ ನಂಬುವುದನ್ನು ಹೇಳಿದ. ತಪಸ್ಸು ಮಾಡಿ ವರ ಕೇಳಲು ಹೊರಟ ಅಸುರನ ಮಾತನ್ನೇ ದೇವಿ ಕಸಿದುಕೊಂಡಳೆಂಬ ಆ ಕಥೆಯನ್ನು ಕೊಲ್ಲೂರಿನ ಸುತ್ತಮುತ್ತ ಎಲ್ಲರೂ ಬಲ್ಲರು. ಅಲ್ಲಿಂದ 1,343 ಮೀಟರ್ ಎತ್ತರದ ಶಿಖರದಲ್ಲಿರುವ ಸರ್ವಜ್ಞ ಪೀಠದ ಕಲ್ಲುಮಂಟಪದವರೆಗೆ, ಇಂಬಳಗಳ ಕಾಟ ಬಿಟ್ಟರೆ, ಯಾವ ತೊಂದರೆಯೂ ಆಗಲಿಲ್ಲ.

ಅಷ್ಟರಲ್ಲಿ ಮಂಜು ದಟ್ಟವಾಗಿ, ಹತ್ತು ಹೆಜ್ಜೆ ಮುಂದಿರುವವರೂ ಕಾಣದಂತಾಯಿತು. ಹಿಂದಿರುಗೋಣವೆಂದರೆ, ಕೋಲ ಮಹರ್ಷಿಗಳು ತಪಸ್ಸು ಮಾಡಿದರೆಂದು ಹೇಳುವ ಚಿತ್ರಮೂಲದ ಗುಹೆಯನ್ನು ನೋಡದೆ ಹೋದರೆ ಯಾತ್ರೆಯ ಫಲವಿಲ್ಲವೆಂದು ಆತ ಹಟ ಹಿಡಿದ. ಆ ಗುಹೆಗೆ ಶಿಖರದಿಂದ ಕಡಿದಾದ ಇಳಿಜಾರಿನಲ್ಲಿ ಇಳಿಯಬೇಕು. ಮಳೆಯಲ್ಲಿ ಅಲ್ಲಿನ ಮಣ್ಣು ಕಾಲಿಗೆ ನಿಲ್ಲುವುದಿಲ್ಲ, ಬೇರುಗಳ ಮೇಲೆ ಪಾಚಿ ಕಟ್ಟಿರುತ್ತದೆ. ಸ್ವಲ್ಪ ದೂರ ಇಳಿಯುವಷ್ಟರಲ್ಲಿ ನಮ್ಮ ಜೊತೆಗಿದ್ದ ಹಿರಿಯರೊಬ್ಬರು ಜಾರಿ ಬಿದ್ದು ಕಾಲು ಉಳುಕಿಸಿಕೊಂಡರು. ಮೇಲೆ ಹತ್ತಿಬಿಡೋಣವೆಂದಾಗ ಆತ, ಇದು ದೇವಿಯ ದಾರಿ, ನಡುವೆ ಹಿಂದಿರುಗಿದವರಿಗೆ ಕೇಡು ತಪ್ಪದು, ಶಂಕರಾಚಾರ್ಯರಿಗೂ ಇದೇ ನಿಯಮವಿತ್ತು ಎಂದು ಹೆದರಿಸಿದ. ಆಮೇಲೆ, ವಾಪಸು ಕರೆದೊಯ್ಯಬೇಕಾದರೆ ಮೊದಲು ಒಪ್ಪಿದ್ದಕ್ಕಿಂತ ಬಹಳ ಹೆಚ್ಚು ಹಣ ಕೊಡಬೇಕೆಂದ.

ಐತಿಹ್ಯದಲ್ಲಿ ಅಂಥ ನಿಯಮವಿರುವುದು ಬೇರೆಯೇ ಸಂದರ್ಭದಲ್ಲಿ. ದೇವಿಯನ್ನು ಕೇರಳಕ್ಕೆ ಕರೆದೊಯ್ಯಲು ಶಂಕರರು ಬಯಸಿದಾಗ, ತಿರುಗಿ ನೋಡಬಾರದೆಂದು ಆಕೆ ಷರತ್ತು ಹಾಕಿದಳೆಂದೂ, ಕಾಲ್ಗೆಜ್ಜೆಯ ದನಿ ನಿಂತಾಗ ಅವರು ತಿರುಗಿದ್ದರಿಂದ ಕೊಲ್ಲೂರಿನಲ್ಲೇ ನೆಲೆಸಿದಳೆಂದೂ ಕಥೆ ಹೇಳುತ್ತದೆ. ಷರತ್ತು ಮುರಿದವರ ಊರಿಗೆ ದೇವಿ ಹೋಗಲಿಲ್ಲವೇ ಹೊರತು ಅವರಿಗೇನೂ ಕೇಡು ಮಾಡಲಿಲ್ಲ. ಗುಡ್ಡ ಇಳಿಯುವ ಯಾತ್ರಿಕರಿಗೂ ಆ ಷರತ್ತಿಗೂ ಯಾವ ಸಂಬಂಧವೂ ಇಲ್ಲ. ಆದರೆ ಮಂಜಿನಲ್ಲಿ ದಾರಿ ತಪ್ಪಿ ನಿಂತ ಭಕ್ತರಿಗೆ ಇಷ್ಟು ತರ್ಕ ಹೊಳೆಯುವುದಿಲ್ಲ. ಆತನಿಗೆ ಅದು ಚೆನ್ನಾಗಿ ಗೊತ್ತಿತ್ತು. ಹಣ ಕೊಟ್ಟೆವು. ಶಿಖರ ಮುಟ್ಟಿಸಿದವನೇ ಆತ ನಮ್ಮನ್ನು ಬಿಟ್ಟು ಹೊರಟುಹೋದ. ಕಾಲು ಉಳುಕಿದವರನ್ನು ಜೀಪಿನವರೆಗೆ ನಡೆಸಿಕೊಂಡು ಬಂದವರು ನಮಗೆ ಪರಿಚಯವೇ ಇಲ್ಲದ ಬೇರೊಂದು ತಂಡದ ಯುವಕರು.

ಜೀಪು ಹತ್ತುವ ಮುನ್ನವೇ ಚಾಲಕರು ಮೇಲೆ ಎಷ್ಟು ಹೊತ್ತು ಕಾಯುತ್ತಾರೆಂದು ಖಚಿತಪಡಿಸಿಕೊಳ್ಳಿ. ಅವರ ಅವಸರವೂ ಇಂಥವರಿಗೆ ಅನುಕೂಲವೇ. ದಾರಿ ತೋರಿಸುವವರು ಬೇಕೆನಿಸಿದರೆ ಅರಣ್ಯ ಇಲಾಖೆಯ ತಪಾಸಣಾ ಗೇಟಿನಲ್ಲಿ ವಿಚಾರಿಸಿ, ಪೂರ್ತಿ ಹಣವನ್ನು ಹಿಂದಿರುಗಿದ ಮೇಲಷ್ಟೇ ಕೊಡುವುದೆಂದು ಮಾತಾಡಿಕೊಳ್ಳಿ. ಮಂಜು ಕವಿದಿದ್ದರೆ ಸರ್ವಜ್ಞ ಪೀಠದಿಂದಲೇ ಹಿಂದಿರುಗಿ. ಚಿತ್ರಮೂಲವನ್ನು ನೋಡಲೇಬೇಕೆನ್ನುವವರು ಮಳೆ ನಿಂತು ನೆಲ ಒಣಗಿದ ಮೇಲೆ, ಡಿಸೆಂಬರ್ ಅಥವಾ ಜನವರಿಯಲ್ಲಿ, ಬೆಳಗ್ಗೆ ಬೇಗ ಹೊರಡುವುದು ಒಳ್ಳೆಯದು.